ಪದ್ಮವ್ವ ಹೇಳದೆ ಬಿಟ್ಟ ಸುದ್ದಿ

ಮಮದಾಪುರದಲ್ಲಿ ಯಾವ ಮನೆಯ ಸೊಸೆ ಬಸುರಾದರೂ ಅದು ಮೊದಲು ಗೊತ್ತಾಗುವುದು ಪದ್ಮವ್ವನಿಗೆ, ಆಮೇಲೆ ಊರಿಗೆ, ಕಟ್ಟಕಡೆಗೆ ಆ ಸೊಸೆಯ ಗಂಡನಿಗೆ ಎಂದು ಒಂದು ಮಾತಿತ್ತು. ಊರಿನವರ ಮಾತಿಗೆ ಯಾವಾಗಲೂ ಒಂದಿಷ್ಟು ಉಪ್ಪುಖಾರ ಸೇರಿರುತ್ತದೆ, ನಿಜ. ಆದರೆ ಪದ್ಮವ್ವನ ಕಣ್ಣು ಸಾಮಾನ್ಯದ್ದಾಗಿರಲಿಲ್ಲ. ಬೆಳಿಗ್ಗೆ ಬಾವಿಗೆ ಹೋಗಿ, ಕೊಡದ ಬಾಯಿಗೆ ನೀರು ಸೋಸುವ ಅರಿವೆ ಕಟ್ಟಿ ಹಗ್ಗ ಇಳಿಬಿಡುವಷ್ಟರಲ್ಲಿ ಅಲ್ಲಿ ನಿಂತ ಹೆಂಗಸರನ್ನೆಲ್ಲ ಒಂದು ಸಲ ನೋಡಿ ಮುಗಿಸಿರುತ್ತಿದ್ದಳು. ಯಾರು ಕುಬಸದ ಗಂಟನ್ನು ಸಡಿಲ ಕಟ್ಟಿಕೊಂಡಿದ್ದಾರೆ, ಯಾರು ಸುಮ್ಮಸುಮ್ಮನೆ ಉಗುಳುತ್ತಿದ್ದಾರೆ, ಮೊನ್ನೆಯವರೆಗೆ ಎರಡು ಕೊಡ ಹೊತ್ತು ನಗುತ್ತ ಹೋಗುತ್ತಿದ್ದವಳು ಇವತ್ತು ಕಟ್ಟೆಯ ಮೇಲೆ ಯಾಕೆ ಕೂತಳು, ಎಲ್ಲವೂ ಅವಳಿಗೆ ಬೇಕು.

"ಏನವ್ವಾ, ಮಾರಿ ಮ್ಯಾಲ ಎಣ್ಣಿ ಹಚ್ಚಿದಂಗ ಹೊಳಪ ಬಂದೈತಲ್ಲ?" ಎಂದು ಕೇಳಿದಳೆಂದರೆ ಮುಗಿಯಿತು. ಆ ಹುಡುಗಿ ನಾಚಿಕೊಂಡು ಮನೆ ಮುಟ್ಟುವ ಮೊದಲೇ ಸುದ್ದಿ ಅವಳ ಮನೆ ಮುಟ್ಟಿರುತ್ತಿತ್ತು.

ಪದ್ಮವ್ವನದು ಜೈನರ ಮನೆ. ಆ ಓಣಿಯ ತುಂಬ ಜೈನರೇ. ತಿಂಗಳ ಮುಟ್ಟಾದ ಹೆಂಗಸು ಒಲೆ, ದೇವರು, ನೀರಿನ ಹಂಡೆ, ಮನುಷ್ಯರು ಯಾವುದನ್ನೂ ಮುಟ್ಟದೆ ಹೊರಗಿನ ಖೋಲಿಯಲ್ಲಿ ಕೂಡಬೇಕು. ದಿನ ಕಳೆದು ತಲೆಯ ಮೇಲೆ ನೀರು ಹಾಕಿಕೊಂಡ ಮೇಲೆಯೇ ಒಳಗೆ ಬರಬೇಕು. ಹೀಗಾಗಿ ಯಾವ ಮನೆಯ ಹೆಂಗಸಿನ ತಿಂಗಳು ಯಾವಾಗ ಬಂತು, ಯಾರದು ತಪ್ಪಿತು ಎನ್ನುವುದು ಓಣಿಗೆ ತೆರೆದಿಟ್ಟ ಪಂಚಾಂಗ. ಹುಡುಗಿಯರಿಗೆ ಅದೊಂದು ದೊಡ್ಡ ಸಂಕಟ. ತಮ್ಮ ಮೈಯಲ್ಲಿ ಏನಾಗುತ್ತಿದೆ ಎಂದು ತಾವು ತಿಳಿಯುವ ಮೊದಲೇ ಎದುರು ಮನೆಯವರು ಬೆರಳು ಮಡಿಸುತ್ತಿದ್ದರು.

ಹಾಗೆಂದು ಪದ್ಮವ್ವ ಕೆಟ್ಟವಳಲ್ಲ. ಸುದ್ದಿ ಅವಳ ಹೊಟ್ಟೆಯಲ್ಲಿ ಜೀರ್ಣವಾಗುತ್ತಿರಲಿಲ್ಲ, ಅಷ್ಟೆ. ಬಸುರಿಯ ಬಾಯಿಗೆ ರುಚಿಯಿಲ್ಲವೆಂದರೆ ಉಪ್ಪಿನಕಾಯಿ ಕೊಟ್ಟು ಬರುವವಳೂ ಅವಳೇ, ಅವಳ ಪಾಲಿನ ಜೋಳ ಬೀಸಿಕೊಡುವವಳೂ ಅವಳೇ.

ಆದರೆ ದೀಪದ ಬುಡದಲ್ಲಿ ಕತ್ತಲೆ. ಅವಳ ಸ್ವಂತ ಮನೆಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಗಂಡ ತೀರಿ ಬಹಳ ಕಾಲವಾಗಿತ್ತು. ಇದ್ದವನು ಒಬ್ಬನೇ ಮಗ, ಆದಿನಾಥ. ಹತ್ತಿಯ ಗಾಡಿ ಹೂಡಿಕೊಂಡು ಗೋಕಾಕದ ಪೇಟೆಗೆ ಹೋಗಿಬರುವವನು. ಅವ್ವನ ಮಾತಿಗೂ ಹೂಂ, ಹೆಂಡತಿಯ ಮಾತಿಗೂ ಹೂಂ. ಅವನ ಹೆಂಡತಿ ತಾರಾಬಾಯಿ ಮೂಡಲಗಿಯ ಅರಿವೆ ವ್ಯಾಪಾರಿಯ ಮಗಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮದುವೆಯಾಗಿ ವರ್ಷಗಳು ಕಳೆದರೂ ಅವಳು ತಿಂಗಳು ತಪ್ಪದೆ, ಅಮಾವಾಸ್ಯೆ ಕಳೆಯುತ್ತಲೇ, ಹೊರಗಿನ ಖೋಲಿಗೆ ಹೋಗಿ ಕೂಡುತ್ತಿದ್ದಳು. ಅವಳು ನೀರು ಹಾಕಿಕೊಂಡು ಒಳಗೆ ಬಂದ ದಿನದಿಂದ ಅತ್ತೆಗೂ ಸೊಸೆಗೂ ಒಂದೇ ಕಾಯುವ ಕೆಲಸ. ಹುಣ್ಣಿಮೆ ದಾಟಿತೆಂದರೆ ಪದ್ಮವ್ವ ಸೊಸೆಯ ಮುಖ ನೋಡುವುದು ಹೆಚ್ಚಾಗುತ್ತಿತ್ತು. ಆಕಳಿಸಿದರೆ ಒಂದು ಲೆಕ್ಕ, ಅನ್ನ ಬಿಟ್ಟರೆ ಇನ್ನೊಂದು ಲೆಕ್ಕ. ಅಮಾವಾಸ್ಯೆ ಬಂದಾಗ ಎಲ್ಲ ಲೆಕ್ಕವೂ ನೀರಲ್ಲಿ ಹೋಗುತ್ತಿತ್ತು.

ಒಂದು ಸಲ ಅಮಾವಾಸ್ಯೆ ದಾಟಿತು, ತಾರಾಬಾಯಿ ಹೊರಗೆ ಕೂಡಲಿಲ್ಲ. ಮೈ ಭಾರ ಎಂದಳು, ಎದೆ ನೋಯುತ್ತದೆ ಎಂದಳು, ಹಗಲು ಹೊತ್ತಿನಲ್ಲಿ ಕೂತಲ್ಲೇ ನಿದ್ದೆ ಹೋದಳು. ಪದ್ಮವ್ವನಿಗೆ ಇನ್ನೇನು ಬೇಕು? ಸೂಲಗಿತ್ತಿ ಯಲ್ಲಕ್ಕ ತಡೆದು ಹೇಳಿದಳು.

"ಅವಸರ ಮಾಡಬ್ಯಾಡ ಯಕ್ಕಾ. ಬರೋ ಮುಟ್ಟಿಗೂ ಬರೋ ಕೂಸಿಗೂ ಮೊದಮೊದಲ ಮೈ ಒಂದ ನಮೂನಿ ಇರತೈತಿ. ಮೂರ ತಿಂಗಳ ತುಂಬಲಿ."

"ನನ್ನ ಕಣ್ಣ ಇವತ್ತಿನತನಕ ತಪ್ಪೈತೇನ?" ಎಂದಳು ಪದ್ಮವ್ವ.

ಬಸುರಿಗೆ ಮೂರನೇ ತಿಂಗಳಲ್ಲಿ, ಊರ ಕಣ್ಣು ಬೀಳದ ಹಾಗೆ, ಮನೆಯ ನಾಲ್ಕು ಹೆಂಗಸರಷ್ಟೇ ಸೇರಿ ಹಸಿರು ಕುಬಸ ತೊಡಿಸಿ ಆರತಿ ಮಾಡುವುದಕ್ಕೆ ಕಳ್ಳಕುಬಸ ಎನ್ನುತ್ತಾರೆ. ಪದ್ಮವ್ವ ತಿಂಗಳು ದಾಟಿದ್ದೇ ತಡ ಅದನ್ನು ಮಾಡಿಸಿಬಿಟ್ಟಳು. ಅದರಲ್ಲಿ ಕಳ್ಳತನ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಇಡೀ ಓಣಿ ಉಂಡಿತು. ಬೀಗಿತ್ತಿ ಮೂಡಲಗಿಯಿಂದ ಹಸಿರು ಖಣ ತಂದಳು. ಬಾಣಂತಿಗೆ ಕರದಂಟು ಮಾಡಬೇಕೆಂದು ಆದಿನಾಥ ಗೋಕಾಕದಿಂದ ಅಂಟು, ಉತ್ತತ್ತಿ, ಒಣಕೊಬ್ಬರಿ ಎಲ್ಲವನ್ನೂ ಹೊತ್ತು ತಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವ ಗಾದೆಯನ್ನು ಯಾರಾದರೂ ಮರೆತಿದ್ದರೆ ಆ ದಿನ ಪದ್ಮವ್ವನ ಮನೆಗೆ ಬಂದು ನೆನಪು ಮಾಡಿಕೊಳ್ಳಬಹುದಿತ್ತು.

ಬೀಗಿತ್ತಿ ಇನ್ನೂ ಊರಿಗೆ ಮರಳಿರಲಿಲ್ಲ. ಒಂದು ಬೆಳಿಗ್ಗೆ ತಾರಾಬಾಯಿ ಯಾರಿಗೂ ಏನೂ ಹೇಳದೆ ಹೊರಗಿನ ಖೋಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಮೈಮೇಲೆ ಅದೇ ಹಸಿರು ಕುಬಸ. ಕೂಸು ನಿಂತು ಆಮೇಲೆ ಹೋಯಿತೋ, ಮೊದಲೇ ಇರಲಿಲ್ಲವೋ, ಯಲ್ಲಕ್ಕನಿಗೂ ಹೇಳಲಾಗಲಿಲ್ಲ. ತಾರಾಬಾಯಿಯ ತಾಯಿ ಬಾಗಿಲಲ್ಲಿ ನಿಂತು ಅತ್ತಳು, ಮಗಳನ್ನು ಮುಟ್ಟುವ ಹಾಗಿರಲಿಲ್ಲ.

ಬಾವಿಯ ಹೆಂಗಸರು ಎಷ್ಟು ವರ್ಷದ ಬಾಕಿಯನ್ನು ಕೂಡಿಟ್ಟುಕೊಂಡಿದ್ದರೋ, ಅಂದೇ ತೀರಿಸಿದರು. "ಪದ್ಮವ್ವ, ಕುಲಾವಿ ಹೊಲದ ಆತೋ, ಇನ್ನೂ ಐತೋ?" ಎಂದು ಒಬ್ಬಳು ಕೇಳಿದಳು. ಪದ್ಮವ್ವನ ಬಾಯಿ ಮೊದಲ ಸಲ ಕಟ್ಟಿತು. ಆ ಸಿಟ್ಟನ್ನು ಮನೆಗೆ ಹೊತ್ತು ತಂದು, ಹೊರಗೆ ಕೂತವಳ ಮುಂದೆ ತಾಟು ಇಡುವಾಗ ಅಂದುಬಿಟ್ಟಳು: "ಹೊಟ್ಯಾಗ ಇಟಗೊಳ್ಳಾಕೂ ಬರಲಿಲ್ಲಲ್ಲ ನಿನಗ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ತಾರಾಬಾಯಿ ತನ್ನ ಮೈಯ ಸುದ್ದಿಯನ್ನು ಅತ್ತೆಯ ಮುಂದೆ ಎತ್ತಲಿಲ್ಲ. ತಲೆನೋವು ಬಂದರೂ ಹೇಳುತ್ತಿರಲಿಲ್ಲ.

ಪದ್ಮವ್ವ ಅಷ್ಟಕ್ಕೇ ನಿಲ್ಲಲಿಲ್ಲ. ಹುಕ್ಕೇರಿಯಲ್ಲಿ ಅವಳ ತಮ್ಮ ನೇಮಣ್ಣ ಇದ್ದ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದವಳು ಅವಳೇ. ಅವನಿಗೆ ಮದುವೆಗೆ ಬಂದ ಮಗಳು, ಕಮಲಾ. ಆ ವರ್ಷದ ದೀಪಾವಳಿಗೆ ತವರಿಗೆ ಹೋದಾಗ ಅಕ್ಕ ತಮ್ಮನೆದುರು ಅತ್ತು, ಮೂಗು ಒರೆಸಿಕೊಂಡು, ಮಾತು ಕೊಟ್ಟು ಬಂದಳು: ಯುಗಾದಿಯವರೆಗೆ ನೋಡುತ್ತೇನೆ, ಆಗಲಿಲ್ಲವೆಂದರೆ ಕಮಲಾಳನ್ನು ಆದಿನಾಥನಿಗೆ ತಂದುಕೊಳ್ಳುತ್ತೇನೆ. ಇಂಥ ಮಾತು ಗಾಳಿಗಿಂತ ಬೇಗ ಬರುತ್ತದೆ. ಅವಳು ಹುಕ್ಕೇರಿಯಿಂದ ಗಾಡಿ ಇಳಿಯುವಷ್ಟರಲ್ಲಿ ತಾರಾಬಾಯಿಗೆ ಗೊತ್ತಿತ್ತು. ಆದಿನಾಥನಿಗೂ ಗೊತ್ತಿತ್ತು, ಅವನು ಎತ್ತುಗಳಿಗೆ ಮೇವು ಹಾಕುವುದರಲ್ಲಿ ಮಗ್ನನಾದ.

ಇದು ಮೂವತ್ತೆರಡನೇ ಇಸವಿಯ ಚಳಿಗಾಲದ ಮಾತು. ಆ ವರ್ಷ ಥಂಡಿ ಜೋರಿತ್ತು. ದೀಪಾವಳಿ ಕಳೆದು ಎರಡನೇ ಅಮಾವಾಸ್ಯೆ ಬಂತು, ತಾರಾಬಾಯಿ ಎಂದಿನಂತೆ ಹೊರಗೆ ಹೋಗಿ ಕೂತಳು. ಪದ್ಮವ್ವ ದೂರದಿಂದಲೇ ತಾಟು ಇಟ್ಟು, ನಿಟ್ಟುಸಿರು ಬಿಟ್ಟು ಒಳಗೆ ಬಂದಳು. ಬೇಳೆಗೆ ಒಗ್ಗರಣೆ ಹಾಕಿದಳು. ಸಾಸಿವೆ ಚಟಗುಟ್ಟಿದಾಗ ಸುಮ್ಮನೆ ಕಿಟಕಿಯಿಂದ ಹೊರಗೆ ನೋಡಿದಳು. ಸೊಸೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದ್ದಳು.

ಪದ್ಮವ್ವನ ಕೈ ಸೌಟಿನ ಮೇಲೆಯೇ ನಿಂತಿತು. ಮುಟ್ಟಾದವಳಿಗೆ ಒಗ್ಗರಣೆ ಯಾಕೆ ನಾತ ಹೊಡೆಯಬೇಕು? ಆದರೆ ಈ ಸಲ ಅವಳು ತನ್ನ ಕಣ್ಣನ್ನೇ ನಂಬಲಿಲ್ಲ. ಪಿತ್ತ ಇರಬಹುದು ಎಂದುಕೊಂಡಳು.

ಮರುದಿನ ಮಧ್ಯಾಹ್ನ ಹಿತ್ತಿಲಿಗೆ ಹೋದಳು. ಅಂಥ ದಿನಗಳ ಅರಿವೆಗಳನ್ನು ಹೆಂಗಸರು ಬಣವೆಯ ಹಿಂದೆ, ಗಂಡಸರ ಕಣ್ಣಿಗೆ ಬೀಳದ ಹಾಗೆ ಒಣಹಾಕುತ್ತಾರೆ. ತಾರಾಬಾಯಿಯ ಅರಿವೆಗಳು ಅಲ್ಲಿದ್ದವು. ನೀರಲ್ಲಿ ತೊಯ್ಸಿ ಹಾಕಿದ್ದು ನಿಜ. ಆದರೆ ಹೋದ ತಿಂಗಳು ಮಡಚಿಟ್ಟ ಗೆರೆ ಅವುಗಳ ಮೇಲೆ ಇನ್ನೂ ಹಾಗೆಯೇ ಇತ್ತು. ಉಟ್ಟಿರಲಿಲ್ಲ, ಒಗೆದಿರಲಿಲ್ಲ, ಬರೀ ತೋರಿಕೆಗೆ ಹರವಿದ್ದು.

ಪದ್ಮವ್ವ ಬಣವೆಗೆ ಒರಗಿ ಕೂತುಬಿಟ್ಟಳು. ಸೊಸೆಗೆ ತಿಂಗಳು ತಪ್ಪಿದೆ. ತಪ್ಪಿದ್ದು ಯಾರಿಗೂ ಗೊತ್ತಾಗಬಾರದೆಂದು, ಆಗದ ಮುಟ್ಟನ್ನು ಆಗಿದೆ ಎಂದು ತೋರಿಸಿಕೊಂಡು, ಆ ಥಂಡಿ ಖೋಲಿಯಲ್ಲಿ ಚಾಪೆಯ ಮೇಲೆ ಕೂತಿದ್ದಾಳೆ. ಮೊದಲು ನಗು ಬಂತು. ಮುಟ್ಟಾಗಿ ಆಗಿಲ್ಲ ಎಂದರೆ ಪಾಪ ಎಂದು ಶಾಸ್ತ್ರ ಹೇಳುತ್ತದೆ. ಆಗದೆ ಆಗಿದೆ ಎಂದವಳಿಗೆ ಏನು ಪಾಪ ಎಂದು ಯಾವ ಸ್ವಾಮಿಗಳನ್ನು ಕೇಳಬೇಕು? ಆಮೇಲೆ ನಗು ಹೋಗಿ ನಾಚಿಕೆ ಬಂತು. ಬಸುರಾದ ಹೆಣ್ಣು ಅಡಗಿಕೊಂಡದ್ದು ದೃಷ್ಟಿಗೆ ಹೆದರಿ ಅಲ್ಲ, ದೆವ್ವಕ್ಕೆ ಹೆದರಿ ಅಲ್ಲ. ತನಗೆ ಹೆದರಿ. ತನ್ನ ಕಣ್ಣಿಗೆ, ತನ್ನ ಬಾಯಿಗೆ. ಮೂರು ತಿಂಗಳು ತುಂಬಿದ ಮೇಲೆ ಹೇಳಿದರಾಯಿತು, ಅಷ್ಟರಲ್ಲಿ ಯುಗಾದಿಯೂ ಬರುತ್ತದೆ, ನಡುವೆ ಏನಾದರೂ ಕೆಟ್ಟರೆ ತಾನೊಬ್ಬಳೇ ನುಂಗಿಕೊಂಡರಾಯಿತು ಎಂದು ಆ ಹುಡುಗಿ ಲೆಕ್ಕ ಹಾಕಿದ್ದಳು. ಪದ್ಮವ್ವನಿಗೆ ಅದು ಯಾರೂ ಹೇಳದೆಯೇ ತಿಳಿಯಿತು.

ಸುಮ್ಮನಿರಬೇಕು ಎಂದು ಅಲ್ಲೇ ನಿಶ್ಚಯ ಮಾಡಿದಳು. ನಿಶ್ಚಯ ಮಾಡುವುದು ಸುಲಭ. ಮಮದಾಪುರದ ಬಾವಿಯ ಕಟ್ಟೆಯ ಮೇಲೆ ನಿಂತು ಅದನ್ನು ನಡೆಸುವುದಿದೆಯಲ್ಲ, ಅದನ್ನು ಪದ್ಮವ್ವನನ್ನೇ ಕೇಳಬೇಕು. ಸುದ್ದಿ ಗಂಟಲಿನವರೆಗೆ ಬರುತ್ತಿತ್ತು. ಬಾಯಿ ತೆರೆದರೆ ಅದೇ ಮೊದಲು ಹೊರಗೆ ಬೀಳುತ್ತದೆಂದು ಅವಳು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡೇ ನೀರಿಗೆ ಹೋಗತೊಡಗಿದಳು.

"ಯಾಕ ಯಕ್ಕಾ, ಮಾತ ನಿಂತಾವಲ್ಲ? ಹಲ್ಲ ನೋಯಾಕತ್ತಾವೇನ?" ಎಂದು ಯಲ್ಲಕ್ಕ ಕೇಳಿದಳು.

"ಹೂಂ."

ಪಾಪ, ಮೂರು ಮನೆಯವರು ಲವಂಗ ಕಳಿಸಿದರು.

ಬಾಯಿ ಮುಚ್ಚಿತು, ಕಣ್ಣು ಮುಚ್ಚುವುದಿಲ್ಲವಲ್ಲ. ಸೊಸೆ ಒಳಗೆ ಬಂದ ಮೇಲೂ ಪದ್ಮವ್ವ ನೋಡುತ್ತಲೇ ಇದ್ದಳು. ಕುಬಸದ ಗಂಟು ಸಡಿಲವಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಟ್ಟಿನ ವಾಸನೆಗೆ ಎದ್ದು ಹಿತ್ತಿಲಿಗೆ ಹೋಗುವುದು ಹೆಚ್ಚಾಯಿತು. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಊಟವಿಲ್ಲ. ಆದರೆ ಹಗಲೆಲ್ಲ ಅನ್ನ ಸೇರದವಳಿಗೆ ಹಸಿವೆ ಆಗುತ್ತಿದ್ದುದೇ ಹೊತ್ತು ಮುಳುಗಿದ ಮೇಲೆ. ಒಂದು ಸಂಜೆ ಅವಳು ಮೂಲೆಯಲ್ಲಿ ನಿಂತು ಪುಠಾಣಿ ಕಡಲೆಯನ್ನು ಸಪ್ಪಳವಾಗದ ಹಾಗೆ ಬಾಯಲ್ಲಿ ನೆನೆಸಿಕೊಂಡು ತಿನ್ನುವುದನ್ನು ಪದ್ಮವ್ವ ಕಂಡಳು. ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುತ್ತಿತ್ತು. ಅಂದು ಅವಳು ಕೆಮ್ಮಿ, ದೇವರ ಖೋಲಿಗೆ ಹೋಗಿ ಕೂತಳು. ಮರುದಿನ ಆ ಮೂಲೆಯ ಗೂಡಿನಲ್ಲಿ ಪುಠಾಣಿಯ ಜೊತೆಗೆ ಬೆಲ್ಲದ ಹೆಂಟೆಯೂ ಇತ್ತು. ಯಾರಿಟ್ಟರೆಂದು ತಾರಾಬಾಯಿ ಕೇಳಲಿಲ್ಲ. ಆದಿನಾಥನಿರಬೇಕು ಎಂದುಕೊಂಡಳು. ಆದಿನಾಥನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು.

ಬಾವಿಯಿಂದ ಸೊಸೆಯ ಪಾಲಿನ ನೀರನ್ನೂ ಪದ್ಮವ್ವ ತಾನೇ ತರತೊಡಗಿದಳು. "ಮುದಿ ಮೈಗೆ ನಡದಾಡಿದ್ರ ಚಲೋ ಅಂತ" ಎಂದಳು. ಹಲ್ಲುನೋವೆಂದು ಹೇಳಿ ಸಾಸಿವೆಯ ಒಗ್ಗರಣೆ ಬಿಟ್ಟಳು. ಹಲ್ಲಿಗೂ ಸಾಸಿವೆಗೂ ಏನು ಸಂಬಂಧವೋ ಆ ಮಹಾವೀರನೇ ಬಲ್ಲ.

ಮುಂದಿನ ಅಮಾವಾಸ್ಯೆಗೂ ತಾರಾಬಾಯಿ ಹೊರಗೆ ಹೋಗಿ ಕೂತಳು. ಪದ್ಮವ್ವ ಬಣವೆಯ ಹಿಂದೆ ಇಣುಕಿದಳು. ಮಡಿಕೆಯ ಗೆರೆ ಹಾಗೆಯೇ ಇತ್ತು. ಅಂದು ಅವಳಿಗೆ ಊಟ ರುಚಿಸಿತು.

ಆದರೆ ಅದೇ ಮಧ್ಯಾಹ್ನ ಬಾಗಿಲಲ್ಲಿ ಗಾಡಿಯ ಗಂಟೆ ಕೇಳಿಸಿತು. ನೇಮಣ್ಣ ಬಂದಿದ್ದ. ಯುಗಾದಿಗೆ ಬರಬೇಕಾದವನು, ಸಂಕ್ರಾಂತಿ ಮುಗಿಯುತ್ತಲೇ. ಹೊರಗಿನ ಖೋಲಿ ಇದ್ದದ್ದು ತಲೆಬಾಗಿಲ ಬಾಜೂಕೇ. ಚಪ್ಪಲಿ ಬಿಡುವಾಗಲೇ ಅವನ ಕಣ್ಣಿಗೆ ಅದರ ಹೊಸ್ತಿಲಲ್ಲಿ ತಲೆ ತಗ್ಗಿಸಿ ಕೂತ ತಾರಾಬಾಯಿ ಬಿದ್ದಳು. ಅವನು ಏನೂ ಕೇಳಬೇಕಾಗಿರಲಿಲ್ಲ. ಆ ಊರಿನಲ್ಲಿ ಹೊರಗೆ ಕೂತ ಸೊಸೆಗಿಂತ ದೊಡ್ಡ ಉತ್ತರವಿಲ್ಲ.

ನೀರು ಕುಡಿದು, ಪಡಸಾಲೆಯಲ್ಲಿ ಕೂತು, ನೇಮಣ್ಣ ನೇರವಾಗಿ ಮಾತಿಗೆ ಬಂದ. ಹತ್ತರಗಿಯಿಂದ ಕಮಲಾಳನ್ನು ಕೇಳಿಕೊಂಡು ಬಂದಿದ್ದಾರೆ. ಒಳ್ಳೆಯ ಮನೆ. ಅವರಿಗೆ ಹೂಂ ಇಲ್ಲವೆ ಉಹುಂ ಹೇಳಬೇಕು.

"ಯುಗಾದಿತನಕ ಅಂದಿದ್ದಿ ಖರೆ. ಆದ್ರ ಇನ್ನೇನ ನೋಡೂದೈತಿ ಅಕ್ಕಾ? ಮತ್ತ ಹೊರಗ ಕುಂತಾಳ. ಇವತ್ತ ಮಾತ ಮುಗಸೂಣು."

ಅವನ ದನಿ ದೊಡ್ಡದು. ಖೋಲಿಗೂ ಪಡಸಾಲೆಗೂ ನಡುವೆ ಒಂದು ಮಣ್ಣಿನ ಗೋಡೆ. ಪದ್ಮವ್ವನಿಗೆ ಆ ಗೋಡೆಯಾಚೆ ಉಸಿರು ಹಿಡಿದು ಕೂತವಳು ಕಾಣದೆಯೂ ಕಂಡಳು. ಒಂದು ಮಾತು ಸಾಕಿತ್ತು. ಸೊಸೆ ಬಸುರಿದ್ದಾಳೆ ಎಂದರೆ ನೇಮಣ್ಣ ತಾನಾಗಿಯೇ ಎದ್ದು, ಸಂತೋಷದಿಂದ ಉಂಡು ಹೋಗುತ್ತಿದ್ದ. ತವರು ಉಳಿಯುತ್ತಿತ್ತು, ಕೊಟ್ಟ ಮಾತೂ ಉಳಿಯುತ್ತಿತ್ತು. ಆ ಮಾತು ಬಾಯಿಗೆ ಬಂದೂ ಬಂತು. ಆದರೆ ಅಂದರೆ ನಾಳೆ ಹುಕ್ಕೇರಿಗೆ, ನಾಡಿದ್ದು ಬಾವಿಗೆ. ಆಮೇಲೆ ಇದೂ ನಿಲ್ಲಲಿಲ್ಲವೆಂದರೆ? ಮತ್ತೆ ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಕೂಡಬೇಕು, ಮತ್ತೆ ಕಮಲಾಳಲ್ಲದಿದ್ದರೆ ಇನ್ನೊಬ್ಬಳು. ಹೊಟ್ಟೆಯಲ್ಲಿ ಕೂಸಿದ್ದರೆ ಸೊಸೆ, ಇಲ್ಲದಿದ್ದರೆ ಹೊರಗಿನವಳು. ಇಷ್ಟು ದಿನ ತಾನು ನಡೆಸಿದ್ದು ಇದೇ ನ್ಯಾಯವಲ್ಲವೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಹೊಳೆದದ್ದು ಸುಖದ್ದಾಗಿರಲಿಲ್ಲ.

"ಹತ್ತರಗ್ಯಾವ್ರಿಗೆ ಹೂಂ ಅನ್ನು ತಮ್ಮಾ," ಎಂದಳು. "ಕಮಲಾನ್ನ ನಾ ತರಂಗಿಲ್ಲ."

"ಯಾಕ?"

"ಮನಸಿಲ್ಲ."

"ನೀನ ಅತಗೋತ ಮಾತ ಕೊಟ್ಟಿ."

"ಕೊಟ್ಟಿದ್ದೆ. ಕೊಡಬಾರದಿತ್ತು. ಹಿಂದಕ್ಕ ತಗೊಂಡೇನಿ."

ನೇಮಣ್ಣ ಅಕ್ಕನ ಮುಖವನ್ನೇ ನೋಡಿದ. "ಏನರ ವಿಷಯ ಇದ್ರ ಹೇಳು. ಆಕಿ ಏನರ..."

"ವಿಷಯ ಏನೂ ಇಲ್ಲ. ಹೊರಗ ಕುಂತಾಳ, ನೀನ ನೋಡೀದಿ."

"ಮತ್ತ ಆಕಿಗೆ ಮಕ್ಕಳಾಗದ ಹೋದ್ರ?"

"ಆಗದಿದ್ರ ಇಲ್ಲ. ಮಕ್ಕಳ ಹಡ್ಯಾಕ ಅಂತ ಅಷ್ಟ ತಂದಿಲ್ಲ ಆಕೀನ್ನ. ಈ ಮನಿ ಸೊಸಿ ಆಕಿ."

ನೇಮಣ್ಣ ಎದ್ದ. ಹೊತ್ತು ಇನ್ನೂ ಮೇಲಿತ್ತು, ಊಟ ಮಾಡಿ ಹೋಗಬಹುದಿತ್ತು. ಮಾಡಲಿಲ್ಲ. "ನಿನ್ನ ತಲಿ ಕೆಟ್ಟೈತಿ ಅಕ್ಕಾ," ಎಂದ. "ಇನ್ನ ಪಂಚಮಿಗೆ ತವರಿಗೆ ಕರ್ಯಾಕ ಬರತೇನಿ ಅಂತ ಹಾದಿ ನೋಡಬ್ಯಾಡ." ಬೆನ್ನ ಮೇಲೆ ಹೊತ್ತು ಬೆಳೆಸಿದ ತಮ್ಮ. ಗಾಡಿ ತಿರುವು ದಾಟುವವರೆಗೂ ಪದ್ಮವ್ವ ಬಾಗಿಲಲ್ಲಿ ನಿಂತಳು, ಅವನು ತಿರುಗಿ ನೋಡಲಿಲ್ಲ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆಮೇಲೆ ಒಳಗೆ ಹೋಗಲಿಲ್ಲ. ಹೊರಗಿನ ಖೋಲಿಯ ಹೊಸ್ತಿಲು ದಾಟಿ, ಸೊಸೆ ಕೂತ ಚಾಪೆಯ ಮೇಲೆಯೇ, ಅವಳ ಮೈಗೆ ಮೈ ಹತ್ತುವ ಹಾಗೆ ಕೂತಳು. ತಾರಾಬಾಯಿ ಬೆಚ್ಚಿ ಸರಿದಳು. ಅವಳ ಕಣ್ಣುಗಳು ಕೆಂಪಗಿದ್ದವು.

"ಅತ್ತಿ, ಮುಟ್ಟಬ್ಯಾಡ್ರಿ. ನಾ ಹೊರಗಾಗೇನಿ."

"ಹೌದವ್ವಾ, ಗೊತ್ತೈತಿ," ಎಂದಳು ಪದ್ಮವ್ವ. ಮತ್ತು ಅವಳ ಕೈಯನ್ನು ತೆಗೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. ಜೀವಮಾನದಲ್ಲಿ ಒಂದು ದಿನವೂ ಮಡಿ ಬಿಡದ ಹೆಂಗಸು ಅವಳು. ಆ ಕೈ ಬಿಡಲಿಲ್ಲ.

ತಾರಾಬಾಯಿ ಅತ್ತೆಯ ಮುಖ ನೋಡಿದಳು. ಸಾಸಿವೆಯಿಲ್ಲದ ಬೇಳೆ, ಗೂಡಿನ ಬೆಲ್ಲ, ಬಾವಿಯ ನೀರು ಎಲ್ಲ ಒಂದೊಂದಾಗಿ ಅವಳಿಗೆ ಅರ್ಥವಾಗಿರಬೇಕು.

"ನಿಲ್ಲಲಿಲ್ಲಂದ್ರರಿ?" ಎಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ನಾ ಏನರ ಕೇಳೇನೇನ ನಿನಗ?" ಎಂದಳು ಪದ್ಮವ್ವ. "ನಿಂತ್ರೂ ನೀ ಇಲ್ಲೇ, ನಿಲ್ಲದಿದ್ರೂ ಇಲ್ಲೇ. ಹಿಂದಕ ನಾ ಅಂದ ಮಾತ ಇತ್ತಲ್ಲ, ಅದನ್ನ ಮನಸಿನ್ಯಾಗಿಂದ ತಗದ ಹಾಕವ್ವಾ. ನನ್ನ ಬಾಯಿ ಕೆಟ್ಟದ್ದು."

ತಾರಾಬಾಯಿ ಅತ್ತೆಯ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಆ ಮನೆಗೆ ಬಂದ ಮೇಲೆ ಅವಳು ಯಾರ ಮುಂದಾದರೂ ಅತ್ತದ್ದು ಅದೇ ಮೊದಲು.

ಆ ಕೂಸು ನಿಂತಿತು. ಊರಿಗೆ ಅದು ತಿಳಿದದ್ದು ಯುಗಾದಿ ಕಳೆದ ಮೇಲೆ, ಅದೂ ಯಲ್ಲಕ್ಕನ ಬಾಯಿಂದ. ಪದ್ಮವ್ವನಿಗೆ ವಯಸ್ಸಾಯಿತು, ಸ್ವಂತ ಸೊಸೆಯ ಹೊಟ್ಟೆಯೂ ಕಾಣುವುದಿಲ್ಲ ಎಂದು ಬಾವಿಯಲ್ಲಿ ನಕ್ಕರು. ಅವಳೂ ಜೊತೆಗೆ ನಕ್ಕಳು. ಪಂಚಮಿಗೆ ಮಾತ್ರ ಹುಕ್ಕೇರಿಯ ಗಾಡಿ ಬರಲಿಲ್ಲ. ಅದರ ನೋವು ಅವಳಿಗೆ ಕೊನೆಯವರೆಗೂ ಇತ್ತು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸಂಜೆ ಪದ್ಮವ್ವ ಖೋಲಿಯಿಂದ ಹೊರಗೆ ಬಂದವಳೇ ಬಾವಿಗೆ ಹೋದಳು. ಥಂಡಿಗೆ ಹಲ್ಲು ಕಡಿಯುವ ಹೊತ್ತು. ಉಟ್ಟ ಸೀರೆಯಲ್ಲೇ ನಿಂತು, ಎಲ್ಲರಿಗೂ ಕಾಣುವ ಹಾಗೆ, ಕೊಡದ ಮೇಲೆ ಕೊಡ ತಣ್ಣೀರು ತಲೆಯ ಮೇಲೆ ಸುರಿದುಕೊಂಡಳು. ಹೆಂಗಸರು ಹಗ್ಗ ಬಿಟ್ಟು ನೋಡಿದರು.

"ಈ ಹೊತ್ತಿನ್ಯಾಗ ಯಾಕ ಪದ್ಮವ್ವ, ತಲಿಮ್ಯಾಲ ನೀರು?" ಎಂದು ಒಬ್ಬಳು ಕೇಳಿದಳು.

ಪದ್ಮವ್ವ ನಡುಗುತ್ತ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ, ಓಣಿಯ ಆ ತುದಿಗೂ ಕೇಳಿಸುವ ದನಿಯಲ್ಲಿ ಹೇಳಿದಳು: "ಏನ ಮಾಡ್ಲೆವ್ವಾ, ಸೊಸಿ ಹೊರಗ ಕುಂತಾಳ. ನೋಡದ ಮುಟ್ಟಿಬಿಟ್ಟೆ."

ಪದ್ಮವ್ವನ ಬಾಯಿಂದ ಬಂದ ಸುದ್ದಿ. ಯಾರೂ ಅನುಮಾನ ಪಡಲಿಲ್ಲ.